ಕೂಲರ್ ಸದ್ದಿನ ಮುಂದೆ 30 ಸಾವಿರದ ಪೆಟ್ಟಿಗೆ

ಮುಖರ್ಜಿ ನಗರಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರಲ್ಲಿ ಬಹುಪಾಲು ಮಂದಿ ಯುಪಿಎಸ್‌ಸಿ ಕನಸು ಹೊತ್ತು ಬರುತ್ತಾರೆ. ನಾನು ಬಂದದ್ದು ಅವರು ಕೇಳುವ ಪಾಠಗಳ ದನಿ ಹಿಡಿಯಲು. ಊರು ತಿಪಟೂರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೆಲವು ವರ್ಷ ಕೇಬಲ್ ಸುತ್ತಿದೆ. ಈಗ ಏಳು ವರ್ಷಗಳಿಂದ ಇಲ್ಲಿನ ಕೋಚಿಂಗ್ ಕೇಂದ್ರಗಳ ಆನ್‌ಲೈನ್ ತರಗತಿಗಳಿಗೆ ಮೈಕು, ಮಿಕ್ಸರು, ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದೇನೆ. ಬಾತ್ರಾ ಸಿನಿಮಾದ ಸುತ್ತಮುತ್ತ ಯಾವ ಮಹಡಿಯಲ್ಲಿ ಯಾವ ಮೇಷ್ಟ್ರು ಎಷ್ಟು ಜೋರಾಗಿ ಮಾತನಾಡುತ್ತಾರೆ ಎಂಬುದು ನನಗೆ ಡೆಸಿಬಲ್ ಲೆಕ್ಕದಲ್ಲಿ ಗೊತ್ತು.

ಈ ಕೆಲಸದ ಜತೆಗೆ ಅಂಟಿಕೊಂಡ ಇನ್ನೊಂದು ಕೆಲಸ ಸಲಹೆ ಕೊಡುವುದು. 'ಅಣ್ಣಾ, ಒಂದು ಒಳ್ಳೆ ಡ್ಯಾಕ್ ಹೇಳಿ', 'ಈ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕೇ ಬೇಕಂತೆ, ನಿಜವಾ?' ಎಂದು ಪಿ.ಜಿ. ಹುಡುಗರು ಕೇಳುತ್ತಾರೆ. ಗುರುಗ್ರಾಮ, ನೊಯಿಡಾದ ಐಟಿ ಗೆಳೆಯರೂ ಕೇಳುತ್ತಾರೆ. ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದರೆ ಊಟದ ಸಾಲಿನಲ್ಲಿ ಯಾರಾದರೊಬ್ಬರು ಫೋನ್ ತೆಗೆದು ಅಂಗೈ ಅಗಲದ ಒಂದು ಲೋಹದ ಪೆಟ್ಟಿಗೆಯ ಚಿತ್ರ ತೋರಿಸುತ್ತಾರೆ. ಬೆಲೆ ಕೆಲವೊಮ್ಮೆ 10 ಸಾವಿರ, ಕೆಲವೊಮ್ಮೆ 30 ಸಾವಿರ, ಒಮ್ಮೊಮ್ಮೆ ಲಕ್ಷವನ್ನೂ ದಾಟಿರುತ್ತದೆ.

ಎಲ್ಲರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನೀವು ಹಾಡು ಕೇಳುವ ಕೋಣೆಯಲ್ಲಿ ಎಷ್ಟು ಸದ್ದಿದೆ? ಪೆಟ್ಟಿಗೆ ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಹೇಗೆ ಎಂದು ಹೇಳುವ ಮುನ್ನ ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡೋಣ.

ಅಂಕಿಯಿಂದ ದನಿಗೆ

ಫೋನಿನಲ್ಲಿರುವ ಹಾಡು ಅಂಕಿಗಳ ಒಂದು ಉದ್ದನೆಯ ಸಾಲು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಹಾಕಿಕೊಟ್ಟ ಲೆಕ್ಕ ಇಂದಿಗೂ ಆಧಾರ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು. ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಪೈಕಿ ಒಂದರಲ್ಲಿ ಕೂರಿಸಬೇಕು. ಮನುಷ್ಯನ ಕಿವಿಗೆ ಕೇಳುವ ಗರಿಷ್ಠ ಕಂಪನ ಸೆಕೆಂಡಿಗೆ 20 ಸಾವಿರದ ಆಸುಪಾಸು. ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಮತ್ತೆ ಕಟ್ಟಬಹುದು ಎನ್ನುವುದು ಗಣಿತ. 65,536 ಮೆಟ್ಟಿಲು ಅಂದರೆ 16 ಬಿಟ್. ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಅದರಲ್ಲಿ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತದೆ.

ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವುದೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಆಡುಮಾತಿನಲ್ಲಿ ಡ್ಯಾಕ್. ಆ ಅಲೆ ತೀರಾ ಸಪೂರ. ಹೆಡ್‌ಫೋನಿನ ಪೊರೆಯನ್ನು ತಳ್ಳುವಷ್ಟು ಬಲ ಕೊಡುವುದು ಆಂಪ್ಲಿಫೈಯರ್ ಕೆಲಸ.

ಕನ್ವರ್ಟರ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಊರಿನ ದಿನಸಿ ಅಂಗಡಿ ನೆನಪಿಸಿಕೊಳ್ಳಿ. ಒಂದು ಕಿಲೋ, ಅರ್ಧ, ಕಾಲು, ನೂರು ಗ್ರಾಂ ಹೀಗೆ ತೂಕದ ಬಟ್ಟುಗಳನ್ನು ಜೋಡಿಸಿ ಅಳೆಯುವುದು ಒಂದು ಕ್ರಮ. ಒಂದರ ಅರ್ಧ ಇನ್ನೊಂದು ಎನ್ನುವ ಹಾಗೆ ರೆಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿ ಮಾಡುವ ಕನ್ವರ್ಟರ್ ಈ ಬಗೆಯದು. ಇಲ್ಲಿ ಬಟ್ಟು ಕರಾರುವಾಕ್ಕಾಗಿರಬೇಕು. ಒಂದು ಕೆಟ್ಟರೂ ತೂಕ ತಪ್ಪುತ್ತದೆ. ಸಣ್ಣದೊಂದು ಚಮಚ ಹಿಡಿದು, ಹೆಚ್ಚಾದರೆ ತೆಗೆದು ಕಡಿಮೆಯಾದರೆ ಹಾಕಿ, ಸೆಕೆಂಡಿಗೆ ಲಕ್ಷಾಂತರ ಸಲ ಸರಿಪಡಿಸುತ್ತಲೇ ಸರಾಸರಿಯಲ್ಲಿ ಸರಿಯಾದ ತೂಕ ಕೊಡುವುದು ಇನ್ನೊಂದು ಕ್ರಮ. ಅದಕ್ಕೆ ಡೆಲ್ಟಾ-ಸಿಗ್ಮಾ ಎಂದು ಹೆಸರು. ಈಗ ಮಾರುವ ಬಹುಪಾಲು ಚಿಪ್‌ಗಳು ಈ ಬಗೆಯವು, ಏಕೆಂದರೆ ಅವನ್ನು ಅಗ್ಗವಾಗಿ, ಒಂದೇ ಸಮನಾಗಿ ತಯಾರಿಸಬಹುದು.

ಒಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಡ್ಯಾಕ್ ಮತ್ತು ಆಂಪ್ಲಿಫೈಯರ್ ಎರಡೂ ನಿಮ್ಮ ಬಳಿ ಈಗಾಗಲೇ ಇವೆ. ಲ್ಯಾಪ್‌ಟಾಪ್ ಒಳಗಿವೆ. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಅದರೊಳಗೇ ಇವೆ. ಹಾಗಾಗಿ ಬ್ಲೂಟೂತ್‌ನಲ್ಲಿ ಕೇಳುವವರು ಎಂತಹ ಡ್ಯಾಕ್ ಕೊಂಡು ಮೇಜಿನ ಮೇಲಿಟ್ಟರೂ ದನಿ ಆ ದಾರಿಯಲ್ಲಿ ಹೋಗುವುದೇ ಇಲ್ಲ. 2016ರಲ್ಲಿ ಐಫೋನ್ 7 ಬಂದಾಗ ಹೆಡ್‌ಫೋನ್ ತೂತು ಮಾಯವಾಯಿತಲ್ಲ, ಆಗ ಜತೆಗೆ ಮಾರಿದ 9 ಡಾಲರ್‌ನ ತುಂಡು ವೈರಿನ ಒಳಗೂ ಒಂದು ಡ್ಯಾಕ್, ಒಂದು ಆಂಪ್ಲಿಫೈಯರ್ ಇದ್ದವು.

ಗ್ಯಾರೇಜಿನಿಂದ ಬಂದ 'ಮೋಡಿ'

ಹೈಫೈ ಎಂದರೆ ಹಿಂದೆ ಶ್ರೀಮಂತರ ಹುಚ್ಚು. ದೊಡ್ಡ ಷೋರೂಮು, ದೊಡ್ಡ ಸ್ಪೀಕರು, ಬೆಲೆ ಕೇಳಲು ಸಂಕೋಚ. ಈ ಚಿತ್ರ ಬದಲಾದದ್ದು ಹೆಡ್‌ಫೋನ್ ಕಾಲದಲ್ಲಿ ಹುಟ್ಟಿದ ಎಳೆಯ ಕಂಪನಿಗಳಿಂದ. ಚೀನಾದ ಗ್ವಾಂಗ್‌ಝೌನಲ್ಲಿ 2007ರಲ್ಲಿ ಶುರುವಾದ ಫಿಯೊ ಅಂಥದ್ದೊಂದು. ಇನ್ನೊಂದರ ಕತೆ ಇನ್ನೂ ಸ್ವಾರಸ್ಯದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಜೇಸನ್ ಸ್ಟಾಡರ್ಡ್ ಮತ್ತು ಮೈಕ್ ಮೊಫಾಟ್ ಎಂಬ ಇಬ್ಬರು ಹಳೆಯ ಹುಲಿಗಳು ಗ್ಯಾರೇಜಿನಲ್ಲಿ ಒಂದು ಕಂಪನಿ ಕಟ್ಟಿದರು. ಮೊಫಾಟ್ 1980ರ ದಶಕದಲ್ಲೇ ಥೀಟಾ ಎಂಬ ಕಂಪನಿಯಲ್ಲಿ ಸಿ.ಡಿ. ಪ್ಲೇಯರಿನಿಂದ ಕನ್ವರ್ಟರನ್ನು ಬೇರ್ಪಡಿಸಿ ಪ್ರತ್ಯೇಕ ಪೆಟ್ಟಿಗೆ ಮಾಡಿದ ಮೊದಲಿಗರಲ್ಲಿ ಒಬ್ಬರು. ಸ್ಟಾಡರ್ಡ್ ಸುಮೊ ಎಂಬ ಕಂಪನಿಗೆ ಆಂಪ್ಲಿಫೈಯರ್ ವಿನ್ಯಾಸ ಮಾಡಿದ್ದವರು. ಹೊಸ ಕಂಪನಿಗೆ ಅವರು ಇಟ್ಟ ಹೆಸರು ಶಿಟ್ ಆಡಿಯೊ. ಕಾಗುಣಿತ ಬೇರೆ, ಆದರೆ ಉಚ್ಚಾರದಲ್ಲಿ ಇಂಗ್ಲಿಷಿನ ಬೈಗುಳವೇ, ಬೇಕೆಂದೇ ಇಟ್ಟದ್ದು. ಬಹುಪಾಲು ಯಂತ್ರಗಳಿಗೆ ಉತ್ತರ ಯುರೋಪಿನ ಪುರಾಣದ ಹೆಸರು. 2012ರ ಕೊನೆಗೆ ತಲಾ 99 ಡಾಲರ್‌ಗೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್, ಒಂದು ಡ್ಯಾಕ್ ಬಿಟ್ಟರು. ಗುಡುಗಿನ ದೇವರು ಥಾರ್‌ನ ಇಬ್ಬರು ಮಕ್ಕಳ ಹೆಸರು ಅವಕ್ಕೆ: ಆಂಪ್ಲಿಫೈಯರ್ ಮ್ಯಾಗ್ನಿ, ಡ್ಯಾಕ್ ಮೋಡಿ. ನಮ್ಮ ಭಾಷೆಯಲ್ಲಿ ಈ ಎರಡನೆಯ ಹೆಸರಿಗೆ ಇರುವ ಅರ್ಥ ಅವರಿಗೆ ಗೊತ್ತಿರಲಾರದು. ಆದರೆ ಹೆಸರು ಸರಿಯಾಗಿಯೇ ಹೊಂದಿತು.

ಅದೇ ಕಂಪನಿ ಕೆಲವು ವರ್ಷ ಕಳೆದು ಸುಮಾರು 2,300 ಡಾಲರ್‌ನ ಇಗ್‌ಡ್ರಸಿಲ್ ಎಂಬ ಡ್ಯಾಕ್ ತಂದಿತು. ಅದರಲ್ಲಿ ಬಳಸಿದ್ದು ಹಾಡಿಗೆಂದು ಮಾಡಿದ ಚಿಪ್ ಅಲ್ಲ. ವೈದ್ಯಕೀಯ ಸ್ಕ್ಯಾನಿಂಗ್, ನಿಖರ ಅಳತೆಯ ಉಪಕರಣಗಳಂಥ ಕೆಲಸಕ್ಕೆ ಅನಲಾಗ್ ಡಿವೈಸಸ್ ಕಂಪನಿ ತಯಾರಿಸಿದ 20 ಬಿಟ್ ಚಿಪ್. ಬಟ್ಟು ಕರಾರುವಾಕ್ಕಾಗಿರಬೇಕು ಎಂದೆನಲ್ಲ, ಆ ಹಟದ ಫಲ ಅದು.

ಇಂಥ ಕಂಪನಿಗಳು ಮಾಡಿದ ದೊಡ್ಡ ಉಪಕಾರವೆಂದರೆ ಷೋರೂಮು, ದಲ್ಲಾಳಿಗಳನ್ನು ಬಿಟ್ಟು ನೇರವಾಗಿ ಮಾರಿದ್ದು, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿದ್ದು. ನಂತರ ಬಂದ ಚೀನಾದ ಬ್ರ್ಯಾಂಡುಗಳು ಯಂತ್ರದ ಅಳತೆಯ ನಕ್ಷೆಯನ್ನೇ ಜಾಹೀರಾತು ಮಾಡಿಕೊಂಡವು. ಪೈಪೋಟಿ ಎಷ್ಟು ಬೆಳೆಯಿತೆಂದರೆ ಇವತ್ತು ಸಾಧಾರಣ ಬೆಲೆಯ ಡ್ಯಾಕಿನ ದೋಷವನ್ನು ಹಿಡಿಯಲು ಪ್ರಯೋಗಾಲಯದ ಮೀಟರ್ ಬೇಕು, ಕಿವಿ ಸಾಲದು.

2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಓಕಾದಲ್ಲಿ ಅಸಾಹಿ ಕಾಸೈ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಆರಿಸಲು ದಿನಗಳೇ ಹಿಡಿದವು. ಜಗತ್ತಿನ ಎಷ್ಟೋ ಡ್ಯಾಕ್‌ಗಳಿಗೆ ಚಿಪ್ ಬರುತ್ತಿದ್ದುದು ಅಲ್ಲಿಂದ. ಹಲವು ಬ್ರ್ಯಾಂಡುಗಳು ರಾತ್ರೋರಾತ್ರಿ ವಿನ್ಯಾಸ ಬದಲಿಸಿ ಅಮೆರಿಕದ ಇಎಸ್‌ಎಸ್ ಕಂಪನಿಯ ಚಿಪ್ ಹಾಕಿಕೊಂಡವು, ವ್ಯಾಪಾರ ನಡೆಯಿತು. 'ಆ ಚಿಪ್ಪಿನ ದನಿ ಜೇನು, ಈ ಚಿಪ್ಪಿನ ದನಿ ಗಾಜು' ಎಂಬ ಮಾತನ್ನು ಅಲ್ಲಿಯವರೆಗೆ ನಂಬಿದ್ದವರು ಯೋಚಿಸಬೇಕಾದ ಘಟನೆ ಅದು. ಚಿಪ್ಪಿನ ಹೆಸರಿಗಿಂತ ಅದರ ಸುತ್ತ ಕಟ್ಟಿದ ವಿದ್ಯುತ್ ಪೂರೈಕೆ, ಅನಲಾಗ್ ಭಾಗ, ವಾಲ್ಯೂಮ್ ನಿಯಂತ್ರಣ ಮುಖ್ಯ.

ಜಾಲಹಳ್ಳಿಯ ವಾಲ್ವು, ಲಾಜಪತ್ ರಾಯ್ ಮಾರ್ಕೆಟ್ಟಿನ ಬೋರ್ಡು

ಇದೆಲ್ಲ ಪರದೇಶದ ಕತೆ ಎಂದುಕೊಳ್ಳಬೇಡಿ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಬಿಇಎಲ್, ಹಾಲೆಂಡಿನ ಫಿಲಿಪ್ಸ್ ಜತೆಗೂಡಿ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸತೊಡಗಿತು. ನಮ್ಮ ಅಜ್ಜಂದಿರ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಆ ಗಾಜಿನ ಬುರುಡೆಗಳ ಹಳೆಯ ದಾಸ್ತಾನನ್ನು ಹೊರದೇಶದ ವಾಲ್ವ್ ಆಂಪ್ಲಿಫೈಯರ್ ಪ್ರಿಯರು, ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ವಾಲ್ವಿನ ಮೋಹ ನಮ್ಮಲ್ಲೂ ಹೋಗಿಲ್ಲ. ಇದೇ ದೆಹಲಿ ಸೀಮೆಯಲ್ಲಿ ವಿರೇನ್ ಬಕ್ಷಿ ಅವರ ಲಿರಿಟಾ ಆಡಿಯೊ ಕೈಯಿಂದಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟಿಕೊಡುತ್ತದೆ.

ಚಿಪ್ ಕಾಲಕ್ಕೆ ಬಂದರೂ ಬೆಂಗಳೂರು ದೂರವಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಅಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಅದೇ ಕಂಪನಿ 2000ದಲ್ಲಿ ಬರ್-ಬ್ರೌನ್ ಎಂಬ ಹೆಸರಾಂತ ಕನ್ವರ್ಟರ್ ಕಂಪನಿಯನ್ನು ಕೊಂಡಿತು. ಟೆಕ್ಸಾಸ್‌ನವರ ಪಿಸಿಎಂ5102ಎ ಎಂಬ ಪುಟ್ಟ ಡ್ಯಾಕ್ ಚಿಪ್ ಕೂರಿಸಿದ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಮೆಲುದನಿ–ಜೋರುದನಿಯ ಅಂತರ, ತಯಾರಕರ ಲೆಕ್ಕದಲ್ಲಿ 112 ಡೆಸಿಬಲ್. ಸಿ.ಡಿ.ಯ 96ಕ್ಕಿಂತ ಹೆಚ್ಚು.

ನಮ್ಮ ಜಿಟಿಬಿ ನಗರ ಮೆಟ್ರೊದಿಂದ ಹಳದಿ ಲೈನ್ ಹಿಡಿದರೆ ಐದನೆಯ ನಿಲ್ದಾಣ ಚಾಂದನಿ ಚೌಕ್. ಅಲ್ಲಿಂದ ಕೆಂಪುಕೋಟೆ ಕಡೆಗೆ ನಡೆದರೆ ಲಾಜಪತ್ ರಾಯ್ ಮಾರ್ಕೆಟ್. ಬೆಂಗಳೂರಿನ ಎಸ್.ಪಿ. ರಸ್ತೆ ನೋಡಿದವರಿಗೆ ಹೊಸದೆನಿಸದು: ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ರಾಮಲೀಲೆಯ ಆಂಪ್ಲಿಫೈಯರ್, ಮದುವೆ ಮೆರವಣಿಗೆಯ ಹಾರ್ನು, ಎಲ್ಲ ಒಂದೇ ಗಲ್ಲಿಯಲ್ಲಿ. ಹೊಸಬರನ್ನು ನಾನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಒಂದು ಬೋರ್ಡು, ಒಂದು ಹಳೆಯ ಚಾರ್ಜರು, ಮೂರು ಬೆಸುಗೆ. ಹಾಡು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. 30 ಸಾವಿರದ ಪೆಟ್ಟಿಗೆಯಲ್ಲಿ ಉಳಿದ ಹಣ ಎಲ್ಲಿಗೆ ಹೋಯಿತು ಎಂದು ಆಗ ಅವರಿಗೇ ಪ್ರಶ್ನೆ ಹುಟ್ಟುತ್ತದೆ. ಹಣ ಹೋಗುವುದು ಲೋಹದ ಕವಚಕ್ಕೆ, ಗುಂಡಿ ತಿರುಗಿಸಿದಾಗ ಎಡ ಬಲ ಸಮನಾಗಿ ಏರುವ ವಾಲ್ಯೂಮಿಗೆ, ಶುದ್ಧ ವಿದ್ಯುತ್ತಿಗೆ, ಹೆಚ್ಚು ಬಲದ ಆಂಪ್ಲಿಫೈಯರಿಗೆ, ವಾರಂಟಿಗೆ, ಸುಂಕಕ್ಕೆ. ಇವು ಸುಳ್ಳು ಖರ್ಚುಗಳಲ್ಲ. ನಿಮಗೆ ಬೇಕೇ ಎನ್ನುವುದಷ್ಟೇ ಪ್ರಶ್ನೆ.

ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ ಒಮ್ಮೆ ಗೆಳೆಯರನ್ನು ಕೂರಿಸಿ ನೋಡಿದೆವು. ತುಂಡು ವೈರಿನ ಡ್ಯಾಕ್ ಒಂದು, ಗೆಳೆಯನೊಬ್ಬನ ದುಬಾರಿ ಪೆಟ್ಟಿಗೆ ಒಂದು. ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ತಿಳಿಯದಂತೆ ಬದಲಿಸುತ್ತಾ ಹೋದೆವು. ಎರಡರ ದನಿ ಮಟ್ಟವನ್ನು ಮೊದಲೇ ಮೀಟರಿನಲ್ಲಿ ಒಂದೇ ಮಾಡಿದ್ದೆ. ಇದು ಬಹಳ ಮುಖ್ಯ, ಏಕೆಂದರೆ ತುಸುವೇ ಜೋರಾದದ್ದು ಕಿವಿಗೆ 'ಉತ್ತಮ' ಅನ್ನಿಸುತ್ತದೆ. ಉತ್ತರಗಳು ನಾಣ್ಯ ಚಿಮ್ಮಿದ ಹಾಗೆಯೇ ಬಂದವು. ಪೆಟ್ಟಿಗೆಯ ಒಡೆಯನೇ ಮೊದಲು ನಕ್ಕ.

ಕೂಲರ್ ಲೆಕ್ಕ

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ಮೇ ತಿಂಗಳಲ್ಲಿ ನಮ್ಮ ಗಲ್ಲಿಯ ಯಾವುದೇ ಕೋಣೆಗೆ ಹೋಗಿ. ಕಿಟಕಿಗೆ ಕೂಲರ್ ಕಟ್ಟಿರುತ್ತದೆ. ಕೆಳಗೆ ಇ-ರಿಕ್ಷಾ, ಪಕ್ಕದಲ್ಲಿ ನೀರಿನ ಮೋಟರು, ಪ್ಲೈವುಡ್ ಗೋಡೆಯಾಚೆ ಇನ್ನೊಬ್ಬ ಹುಡುಗ ಗಟ್ಟಿಯಾಗಿ ಓದುತ್ತಿರುತ್ತಾನೆ. ಓದುವ ಮೇಜಿನ ಮೇಲಿಟ್ಟರೆ ನನ್ನ ಮೀಟರು 60 ಡೆಸಿಬಲ್ ಆಸುಪಾಸು ತೋರಿಸುತ್ತದೆ.

ಒರಟಾಗಿ ಲೆಕ್ಕ ಹಾಕಿ. ಕಿವಿಗೆ ಹಿತವಾದ ಮಟ್ಟದಲ್ಲಿ ಕೇಳಿದರೆ ಹಾಡಿನ ಜೋರಾದ ಭಾಗ 85 ಡೆಸಿಬಲ್ ಇರುತ್ತದೆ ಎನ್ನಿ. 60ಕ್ಕಿಂತ ಕೆಳಗಿನದು ಬಹುಪಾಲು ಕೂಲರ್ ಸದ್ದಿನಲ್ಲಿ ಮುಳುಗುತ್ತದೆ. ಉಳಿದದ್ದು 25 ಡೆಸಿಬಲ್. ಒಂದು ಬಿಟ್ ಅಂದರೆ ಸುಮಾರು 6 ಡೆಸಿಬಲ್, ಹಾಗಾಗಿ ನಿಮ್ಮ ಕಿವಿಗೆ ದಕ್ಕುವುದು ಬರೀ ನಾಲ್ಕು ಬಿಟ್‌ನಷ್ಟು. 16 ಬಿಟ್, 24 ಬಿಟ್, 120 ಡೆಸಿಬಲ್ ಎಂದು ಬರೆದ ಪೆಟ್ಟಿಗೆಯ ಉಳಿದ ಸಾಮರ್ಥ್ಯವೆಲ್ಲ ಕೂಲರಿನ ನೀರಿನ ಪಾಲು.

ಇಲ್ಲಿ ಕೆಲವು ನೂರು ರೂಪಾಯಿಯ ಫೋಮ್ ಟಿಪ್ ಮಾಡುವ ಕೆಲಸವನ್ನು ಯಾವ ಡ್ಯಾಕ್ ಕೂಡ ಮಾಡಲಾರದು. ಇಯರ್‌ಫೋನ್ ತುದಿಗೆ ಹಾಕಿ, ಬೆರಳಲ್ಲಿ ಹಿಸುಕಿ ಕಿವಿಗಿಟ್ಟರೆ ಅದು ಹಿಗ್ಗಿ ಕಿವಿಯ ಬಾಯಿ ಮುಚ್ಚುತ್ತದೆ. ಹೊರಗಿನ ಸದ್ದು 20 ಡೆಸಿಬಲ್‌ನಷ್ಟು ಇಳಿದರೆ, ಹಾಡಿಗೆ ಅಷ್ಟೇ ಜಾಗ ಹೆಚ್ಚು ಸಿಕ್ಕಿತು.

ಆಂಪ್ಲಿಫೈಯರ್ ಯಾರಿಗೆ ಬೇಕು?

ಇದಕ್ಕೂ ಲೆಕ್ಕವಿದೆ, ನಂಬಿಕೆ ಬೇಕಿಲ್ಲ. ಹೆಡ್‌ಫೋನ್ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು, ಓಮ್ ಲೆಕ್ಕದಲ್ಲಿ ಅದರ ತಡೆ. ಇನ್ನೊಂದು, ಒಂದು ಮಿಲಿವಾಟ್ ಕೊಟ್ಟರೆ ಎಷ್ಟು ಡೆಸಿಬಲ್ ಸದ್ದು ಮಾಡುತ್ತದೆ ಎಂಬುದು. ಸದ್ದು 10 ಡೆಸಿಬಲ್ ಏರಬೇಕಾದರೆ ಹತ್ತು ಪಟ್ಟು ವಿದ್ಯುತ್ ಬೇಕು.

16 ಓಮ್‌ನ, ಮಿಲಿವಾಟಿಗೆ 110 ಡೆಸಿಬಲ್ ಕೊಡುವ ಇಯರ್‌ಫೋನ್ ತೆಗೆದುಕೊಳ್ಳಿ. 80 ಡೆಸಿಬಲ್‌ಗೆ ಅದಕ್ಕೆ ಬೇಕಾದದ್ದು ಮಿಲಿವಾಟಿನ ಸಾವಿರದಲ್ಲೊಂದು ಪಾಲು. ಫೋನೇ ಸಾಕು. ಬಲವಾದ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ 'ಸುಯ್' ಎಂಬ ಹಿನ್ನೆಲೆ ಸದ್ದು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಸ್ಟುಡಿಯೊದವರು ಇಷ್ಟಪಡುವ, 300 ಓಮ್‌ನ, ಮಿಲಿವಾಟಿಗೆ 97 ಡೆಸಿಬಲ್‌ನ ಹೆಡ್‌ಫೋನ್ ಆದರೆ? ಒಂದು ವೋಲ್ಟ್ ಕೊಡುವ ತುಂಡು ವೈರಿನಿಂದ ಅದಕ್ಕೆ 3.3 ಮಿಲಿವಾಟ್ ಸಿಗುತ್ತದೆ, ಅಂದರೆ 102 ಡೆಸಿಬಲ್‌ನಷ್ಟು. ಸರಾಸರಿ 80ರಲ್ಲಿ ಕೇಳುವವನಿಗೆ ತಬಲಾದ ಪೆಟ್ಟು 100ಕ್ಕೆ ಹಾರಿದರೂ ಇದು ತಡೆದುಕೊಳ್ಳುತ್ತದೆ. 'ಆಂಪ್ ಇಲ್ಲದೆ ಆಗುವುದೇ ಇಲ್ಲ' ಎಂಬ ಮಾತು ಇಲ್ಲಿಯೂ ಪೂರ್ತಿ ನಿಜವಲ್ಲ.

ನಿಜವಾಗುವುದು ತೆಳು ಹಾಳೆಯ ಪೊರೆ ಇರುವ, ಮಿಲಿವಾಟಿಗೆ 83 ಡೆಸಿಬಲ್ ಮಾತ್ರ ಕೊಡುವ ಪ್ಲೇನರ್ ಹೆಡ್‌ಫೋನುಗಳಲ್ಲಿ. 100 ಡೆಸಿಬಲ್ ಮುಟ್ಟಲು ಅದಕ್ಕೆ 50 ಮಿಲಿವಾಟ್ ಬೇಕು. ಅಂಥದ್ದು ಕೊಂಡವರು ಆಂಪ್ಲಿಫೈಯರಿಗೂ ಹಣ ಎತ್ತಿಡಲೇಬೇಕು. ಇನ್ನೊಂದು ಸಣ್ಣ ನಿಯಮ: ಆಂಪ್ಲಿಫೈಯರಿನ ಒಳತಡೆ ಹೆಡ್‌ಫೋನ್ ತಡೆಯ ಎಂಟರಲ್ಲೊಂದು ಭಾಗಕ್ಕಿಂತ ಕಡಿಮೆ ಇರಲಿ. 16 ಓಮ್‌ನ ಇಯರ್‌ಫೋನಿಗೆ 2 ಓಮ್ ಒಳಗೆ. ಇಲ್ಲದಿದ್ದರೆ ಕೆಲವು ಇಯರ್‌ಫೋನುಗಳಲ್ಲಿ ಮಂದ್ರ ಅಥವಾ ತಾರದ ದನಿ ಏರುಪೇರಾಗುತ್ತದೆ.

ತೊಗರಿ ಮಾರಿದ ರೊಕ್ಕ

ಲಿಂಗಸುಗೂರು ಕಡೆಯ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ನನ್ನಲ್ಲಿಗೆ ಬಂದಿದ್ದ. ಎರಡನೆಯ ಪ್ರಯತ್ನದಲ್ಲಿದ್ದ. ದಿನಕ್ಕೆ ಹತ್ತು ತಾಸು ರೆಕಾರ್ಡ್ ಮಾಡಿದ ಪಾಠ ಕೇಳುತ್ತಾನೆ. ಕಿವಿಯಲ್ಲಿ 'ಗುಂಯ್' ಸದ್ದು, ಮಾತು ಸ್ಪಷ್ಟವಿಲ್ಲ. ಡ್ಯಾಕ್, ಆಂಪ್ ಸೇರಿ 30 ಸಾವಿರದ ಜೋಡಿಯೊಂದನ್ನು ಆರಿಸಿಟ್ಟುಕೊಂಡಿದ್ದ.

'ಅಣ್ಣಾ, ಇದು ತಗೊಂಡ್ರ ಕ್ಲಿಯರ್ ಆಗ್ತದಲ್ರೀ?'

'ರೊಕ್ಕ ಎಲ್ಲಿಂದ ಬಂತಪ್ಪಾ?'

'ಅಪ್ಪ ಕಳಿಸ್ಯಾನ್ರೀ. ತೊಗರಿ ಮಾರಿದ್ದು.'

ಅವನ ಕೋಣೆಗೇ ಹೋದೆ. ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿತ್ತು. ಮೈ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಚಾರ್ಜರ್ ಕಿತ್ತೆ. ಗುಂಯ್ ಸದ್ದು ನಿಂತಿತು. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಒಳಗೆ ಅರ್ಥಿಂಗ್ ವೈರೇ ಇರಲಿಲ್ಲ. ಇಂಥ ಕಡೆ ಚಾರ್ಜರಿನ ಗದ್ದಲ ದನಿಯ ದಾರಿಗೆ ಸೇರಿಕೊಳ್ಳುತ್ತದೆ. ಅದೇ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ದುಬಾರಿ ಡ್ಯಾಕ್ ತಂದಿದ್ದರೂ ಸದ್ದು ಅದರ ಬೆನ್ನು ಹತ್ತಿ ಬರುವ ಸಾಧ್ಯತೆ ಇತ್ತು.

ಆದರೆ ನನ್ನನ್ನು ಕಾಡಿದ್ದು ಅದಲ್ಲ. ಚಾರ್ಜರ್ ಕಿತ್ತ ಮೇಲೂ 'ಒಂದು ಸಣ್ಣ ಸಿಳ್ಳೆ ಐತ್ರೀ' ಎಂದ. ಇಯರ್‌ಫೋನ್ ತೆಗೆಸಿದೆ. ಆಗಲೂ ಇತ್ತು. ಅದು ಅವನ ಕಿವಿಯದೇ ಸಿಳ್ಳೆ. ಕೂಲರ್ ಸದ್ದನ್ನು ಮೀರಿಸಲು ವಾಲ್ಯೂಮನ್ನು ಕೊನೆಯವರೆಗೂ ಏರಿಸಿ ತಿಂಗಳುಗಟ್ಟಲೆ ಕೇಳಿದ್ದ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ತಾಳಬಲ್ಲದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ. 100 ಆದರೆ 20 ನಿಮಿಷ, ಅದೂ ವಾರಕ್ಕೆ. ಮಕ್ಕಳಿಗಾದರೆ 40 ಗಂಟೆಗೆ 75 ಡೆಸಿಬಲ್ಲೇ ಮಿತಿ. 3 ಡೆಸಿಬಲ್ ಏರಿದರೆ ಅವಧಿ ಅರ್ಧವಾಗುತ್ತದೆ. ದಿನಕ್ಕೆ ಹತ್ತು ಗಂಟೆ, ವಾರಕ್ಕೆ 70 ಗಂಟೆ ಕೇಳುವವನು 77 ಡೆಸಿಬಲ್ ಒಳಗಿರಬೇಕು. ಬಲವಾದ ಆಂಪ್ಲಿಫೈಯರ್ ಅವನ ಕೈಗೆ ಬಂದಿದ್ದರೆ ವಾಲ್ಯೂಮ್ ಇನ್ನೂ ಮೇಲೆ ಹೋಗುತ್ತಿತ್ತು. 30 ಸಾವಿರ ಕೊಟ್ಟು ಕಿವಿ ಕಳೆದುಕೊಳ್ಳುವ ವ್ಯಾಪಾರ ಅದು.

ಮಾರನೆಯ ದಿನ ಕಿವಿ ವೈದ್ಯರಲ್ಲಿಗೆ ಕರೆದೊಯ್ದೆ. ಆಡಿಯೊಗ್ರಾಮ್ ಮಾಡಿಸಿದರು. 4,000 ಹರ್ಟ್ಸ್ ಬಳಿ ಗೆರೆ ತುಸು ಕೆಳಗೆ ಬಾಗಿತ್ತು. ಗದ್ದಲದಿಂದ ಕಿವಿಗೆ ಪೆಟ್ಟಾದರೆ ಮೊದಲು ಕಾಣುವುದು ಅಲ್ಲೇ. 'ಹೋದದ್ದು ಬರಲಿಕ್ಕಿಲ್ಲ, ಇರುವುದನ್ನು ಉಳಿಸಿಕೋ' ಎಂದರು ವೈದ್ಯರು. ಹುಡುಗ ಮೆಟ್ಟಿಲಿಳಿಯುವಾಗ ಕೇಳಿದ್ದು ಒಂದೇ ಮಾತು: 'ಮೆಡಿಕಲ್‌ನ್ಯಾಗ ತೊಂದ್ರಿ ಆಗ್ತದೇನ್ರೀ?' ಸಿವಿಲ್ ಸರ್ವಿಸ್‌ನಲ್ಲಿ ಸಂದರ್ಶನ ಮುಟ್ಟಿದವರಿಗೆ ವೈದ್ಯಕೀಯ ಪರೀಕ್ಷೆ ಇದೆ, ಅದರಲ್ಲಿ ಕಿವಿಯ ತಪಾಸಣೆಯೂ ಇದೆ. ಈಗಿನ ಮಟ್ಟಕ್ಕೆ ಹೆದರಬೇಕಿಲ್ಲ ಎಂದು ವೈದ್ಯರೇ ಅವನಿಗೆ ಹೇಳಿದ್ದರು. ಅವನಿಗೆ ಇನ್ನೊಮ್ಮೆ ಕೇಳಬೇಕಿತ್ತು ಅಷ್ಟೆ.

ಫೋಮ್ ಟಿಪ್ ಹಾಕಿದ. ಓದುವಾಗ ಚಾರ್ಜರ್ ತೆಗೆದಿಡುತ್ತಾನೆ. ಪಾಠವನ್ನು ಸ್ಪೀಕರಿನಲ್ಲಿ ಕೇಳಲು ಗ್ರಂಥಾಲಯದಿಂದ ಬೇಗ ಬಂದು, ಕೂಲರ್ ಬೇಡದ ಬೆಳಗಿನ ಎರಡು ತಾಸು ಮೀಸಲಿಟ್ಟಿದ್ದಾನೆ. ಉಳಿದ ಹಣದ ಬಹುಪಾಲು ಟೆಸ್ಟ್ ಸೀರೀಸ್‌ಗೆ ಹೋಯಿತು.

ಹಾಗಾದರೆ ಕೊಳ್ಳುವುದೇ ಬೇಡವೇ?

ಹಾಗಲ್ಲ. ನನ್ನ ಮೇಜಿನ ಮೇಲೂ ಒಂದು ಡ್ಯಾಕ್, ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಇವೆ. ದಿನಕ್ಕೆ ಆರು ಗಂಟೆ ಬೇರೆಯವರ ದನಿಯ ದೋಷ ಹುಡುಕುವುದು ನನ್ನ ಹೊಟ್ಟೆಪಾಡು, ಅದಕ್ಕೆ ನಂಬಬಹುದಾದ ಉಪಕರಣ ಬೇಕು. ಗುಂಡಿ ತಿರುಗಿಸುವ ಸುಖವೂ ಸುಳ್ಳಲ್ಲ. ಆದರೆ ಹಣ ಕೊಡುವ ಸಾಲು ಹೀಗಿರಲಿ ಎನ್ನುತ್ತೇನೆ: ಮೊದಲು ಸದ್ದಿಲ್ಲದ ಜಾಗ, ಅಥವಾ ಕಿವಿ ಮುಚ್ಚುವ ಟಿಪ್ಪು. ಆಮೇಲೆ ಒಳ್ಳೆಯ ಹೆಡ್‌ಫೋನ್, ಏಕೆಂದರೆ ಒಂದಕ್ಕೂ ಇನ್ನೊಂದಕ್ಕೂ ಕಿವಿಗೆ ತಿಳಿಯುವ ವ್ಯತ್ಯಾಸ ಇರುವುದು ಅಲ್ಲೇ. ನಂತರ ಮೇಲಿನ ಲೆಕ್ಕ ಹಾಕಿ, ಬೇಕೆಂದು ಬಂದರೆ ಆಂಪ್ಲಿಫೈಯರ್. ಡ್ಯಾಕ್ ಕೊನೆಗೆ. ಕೊಳ್ಳುವುದಾದರೆ ಇಲ್ಲಿ ರಿಪೇರಿ, ವಾರಂಟಿ ಇರುವುದನ್ನೇ ನೋಡಿ. ಹೊರದೇಶದಿಂದ ಗೆಳೆಯ ತಂದುಕೊಟ್ಟ ಪೆಟ್ಟಿಗೆ ಕೆಟ್ಟರೆ ವಾಪಸು ಕಳಿಸುವ ಖರ್ಚಿನಲ್ಲಿ ಇನ್ನೊಂದು ಬರುತ್ತದೆ.

ಮೂಲದಲ್ಲಿ ಇಲ್ಲದ್ದನ್ನು ಯಾವ ಪೆಟ್ಟಿಗೆಯೂ ತರಲಾರದು ಎಂಬುದು ನೆನಪಿರಲಿ. ಮಲ್ಲಿಕಾರ್ಜುನ ಮನ್ಸೂರರ ಎಳೆಯ ದನಿ ಇರುವ 78 ಆರ್‌ಪಿಎಂ ತಟ್ಟೆಗಳಲ್ಲಿ ಒಂದು ಮುಖಕ್ಕೆ ಮೂರು ನಿಮಿಷದ ಆಸುಪಾಸು ಹಾಡು, ತೀರಾ ಮೇಲಿನ ಕಂಪನಗಳು ಅದರಲ್ಲಿ ಕೂತೇ ಇಲ್ಲ. ಅದನ್ನು 24 ಬಿಟ್‌ಗೆ ಏರಿಸಿದರೆ ಸಿಗುವುದು ಚರಚರ ಸದ್ದಿನ ಇನ್ನೂ ನಿಖರವಾದ ಪ್ರತಿ. ಹಾಗಿದ್ದೂ ಕಿವಿಗೊಟ್ಟು ಕೇಳಿದರೆ ಆ ಮೂರು ನಿಮಿಷದಲ್ಲಿ ರಾಗ ಪೂರ್ತಿ ಎದ್ದು ನಿಲ್ಲುತ್ತದೆ. ಕನ್ವರ್ಟರಿಗಿಂತ ಗಾಯಕ ದೊಡ್ಡವನು.

ಕೊನೆಯದಾಗಿ ದೆಹಲಿಯಲ್ಲಿರುವ ಕನ್ನಡಿಗರಿಗೆ ಒಂದು ಕಿವಿಮಾತು. ಈ ಊರಿನಲ್ಲಿ ಹಾಡು ಕೇಳುವುದಕ್ಕೂ ಒಂದು ಋತುವಿದೆ. ದೀಪಾವಳಿ ಪಟಾಕಿ ಮುಗಿದ ಮೇಲೆ ಹೋಳಿಯವರೆಗೆ. ಕೂಲರ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿರುತ್ತದೆ, ಫ್ಯಾನ್ ನಿಂತಿರುತ್ತದೆ, ಮಂಜಿಗೆ ಹೆದರಿ ಕಿಟಕಿ ಮುಚ್ಚಿರುತ್ತದೆ. ಮಂಚದ ಮೇಲಿನ ದಪ್ಪ ರಜಾಯಿ ಗೋಡೆಯ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಮದುವೆ ಬ್ಯಾಂಡಿನ ಗಲಾಟೆ ಹನ್ನೊಂದಕ್ಕೆ ಅಡಗಿದರೆ ನನ್ನ ಮೀಟರು 30ರ ಹತ್ತಿರಕ್ಕೆ ಇಳಿಯುತ್ತದೆ. ಬೇಸಿಗೆಗಿಂತ 30 ಡೆಸಿಬಲ್ ಕಡಿಮೆ. ಅಂದರೆ ಒಂದು ಪೈಸೆ ಖರ್ಚಿಲ್ಲದೆ ಐದು ಬಿಟ್ ಲಾಭ. ಹಾಡುಗಾರ ಉಸಿರು ಎಳೆದುಕೊಳ್ಳುವುದು, ತಂಬೂರಿಯ ಒಂದು ತಂತಿ ಇನ್ನೊಂದಕ್ಕೆ ಜಾಗ ಬಿಡುವುದು ಆಗ ಕೇಳುತ್ತದೆ. ದುಬಾರಿ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಪರೀಕ್ಷಿಸುವ ಮುನ್ನ, ನಿಮ್ಮ ಹಳೆಯ ಇಯರ್‌ಫೋನನ್ನೇ ಹಾಕಿಕೊಂಡು ಜನವರಿಯ ಒಂದು ರಾತ್ರಿ ಹೀಗೆ ಕೂತು ನೋಡಿ. ಅದಾದ ಮೇಲೂ ಏನೋ ಕೊರತೆ ಅನ್ನಿಸಿದರೆ ಖಂಡಿತ ಕೇಳಿ, ಲೆಕ್ಕ ಹಾಕೋಣ.